ಗಳಿಗೆಗಳ ಸಾಮ್ರಾಜ್ಯ: ಮಹಾಮಾರಿಯ ಕಾಲದ ಹೃದಯರಕ್ಷಣೆ

ರಾಜ್ಯಗಳ ಏಳುಬೀಳನ್ನು ಬರೆಯುವವರು ಕೋಟೆಕೊತ್ತಲಗಳನ್ನೂ ಶಿಲಾಶಾಸನಗಳನ್ನೂ ದಂಡಯಾತ್ರೆಗಳ ಜಾಡನ್ನೂ ಅರಸಿ ಹೊರಡುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಮನುಕುಲ ಕಟ್ಟಿಕೊಂಡ ಒಂದು ಮಹಾರಾಜ್ಯಕ್ಕೆ ಮಾತ್ರ ಕೋಟೆಯಿಲ್ಲ, ಸಿಂಹಾಸನವಿಲ್ಲ, ಟಂಕಸಾಲೆಯಿಲ್ಲ. ಅದರ ನೆಲವೆಲ್ಲ ನಿಮಿಷಗಳಿಂದಲೇ ಆದದ್ದು. ಎದೆಯಲ್ಲಿ ನೋವು ಮೂಡಿದ ಗಳಿಗೆಯಿಂದ ಮುಚ್ಚಿಹೋದ ರಕ್ತನಾಳ ಮತ್ತೆ ತೆರೆದುಕೊಳ್ಳುವ ಗಳಿಗೆಯವರೆಗಿನ ಅವಧಿಯೇ ಅದರ ರಣಭೂಮಿ. ಆ ಅವಧಿ ಕಿರಿದಾದಷ್ಟೂ ರಾಜ್ಯ ಬಲಗೊಳ್ಳುತ್ತ ಹೋಯಿತು. ನೂರು ವರ್ಷಗಳ ಸಾಧನೆಯಿಂದ, ತಲೆಮಾರುಗಳ ವೈದ್ಯರ ಹಠದಿಂದ, ಪ್ರಾಣವನ್ನೇ ಪಣವಿಟ್ಟ ಪ್ರಯೋಗಗಳಿಂದ ಗೆದ್ದ ಈ ರಾಜ್ಯದ ಮೇಲೆ 2020ರ ಆರಂಭದಲ್ಲಿ ಮಹಾಮಾರಿ ದಂಡೆತ್ತಿ ಬಂತು. ಅದು ವೈದ್ಯರ ವಿದ್ಯೆಯನ್ನು ಕಸಿಯಲಿಲ್ಲ, ಅವರ ಆಯುಧಗಳನ್ನು ಮುರಿಯಲಿಲ್ಲ; ಅವರು ಕೂಡಿಟ್ಟ ನಿಮಿಷಗಳನ್ನು ಸೂರೆಗೊಂಡಿತು. ಆ ಸೂರೆಯ ಕಥೆಯನ್ನೂ, ಅದರ ನಡುವೆಯೇ ಹೃದಯರಕ್ಷಕರು ತಮ್ಮ ರಾಜ್ಯವನ್ನು ಮರಳಿ ಕಟ್ಟಿದ ಪರಿಯನ್ನೂ ಆ ಕಾಲವನ್ನು ಕಂಡು ಉಳಿದ ನಾವು ಮುಂದಿನವರಿಗೆ ಹೇಳದೆ ಹೋದರೆ, ಉಳಿದ ಋಣ ತೀರುವುದಿಲ್ಲ.

ಈ ರಾಜ್ಯ ಹುಟ್ಟುವ ಮುನ್ನಿನದು ಅಸಹಾಯಕತೆಯ ಯುಗ. ಹೃದಯದ ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿತೆಂದರೆ ಮರಣವೇ ಗತಿ ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ, 1912ರಲ್ಲಿ, ಷಿಕಾಗೋದ ಜೇಮ್ಸ್ ಹೆರಿಕ್ ರೋಗಿ ಬದುಕಿ ಉಳಿಯುವುದೂ ಸಾಧ್ಯವೆಂದು ಬರೆದ. ನೆದರ್‌ಲ್ಯಾಂಡ್ಸಿನ ಐಂಥೋವನ್ ರೂಪಿಸಿದ ಇಸಿಜಿ ಯಂತ್ರ ಹೃದಯದ ಸಂಕಟವನ್ನು ಗೆರೆಗಳಲ್ಲಿ ಓದಲು ಕಲಿಸಿತು. ಆದರೂ ಓದಿದ ಮೇಲೆ ಮಾಡಬಹುದಾಗಿದ್ದದ್ದು ಅತ್ಯಲ್ಪ: ವಾರಗಟ್ಟಲೆ ಮಂಚದ ಮೇಲೆ ಅಲುಗಾಡದೆ ಮಲಗಿಸುವುದು, ನೋವಿಗೆ ಮಾರ್ಫಿನ್ ಕೊಡುವುದು, ಉಳಿದದ್ದನ್ನು ವಿಧಿಗೆ ಬಿಡುವುದು. ತಿರುವು ಬಂದದ್ದು 1960ರ ಆಸುಪಾಸಿನಲ್ಲಿ. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೌವನ್‌ಹೋವನ್, ಜೂಡ್ ಮತ್ತು ನಿಕರ್‌ಬಾಕರ್ ಎಂಬ ಮೂವರು, ನಿಂತ ಹೃದಯವನ್ನು ಎದೆ ಬಗೆಯದೆ ಬರಿಗೈಯಿಂದ ಒತ್ತಿ ನಡೆಸಬಹುದೆಂದು ತೋರಿಸಿದರು. ಮರುವರ್ಷವೇ ಬ್ರಿಟನ್ನಿನ ಡೆಸ್ಮಂಡ್ ಜೂಲಿಯನ್, ಹೃದಯಾಘಾತದ ರೋಗಿಗಳನ್ನೆಲ್ಲ ಒಂದೇ ಕೋಣೆಯಲ್ಲಿರಿಸಿ ಹಗಲಿರುಳು ಕಾಯಬೇಕೆಂಬ ಯೋಜನೆಯನ್ನು ಮುಂದಿಟ್ಟ. ಇಂದು ನಾವು ಸಿಸಿಯು ಎಂದು ಕರೆಯುವ ಕಾವಲುಮನೆ ಹುಟ್ಟಿದ್ದು ಹೀಗೆ. ಮೃತ್ಯುವಿನ ಎದುರು ಕೈಕಟ್ಟಿ ನಿಂತಿದ್ದ ವೈದ್ಯ ಅಂದಿನಿಂದ ಕಾವಲುಗಾರನಾದ. ಆದರೆ ಇನ್ನೂ ದಂಡನಾಯಕನಾಗಿರಲಿಲ್ಲ.

ದಂಡನಾಯಕತ್ವ ಒಲಿದದ್ದು ಎರಡು ಆಯುಧಗಳಿಂದ. ಮೊದಲನೆಯದು ಔಷಧ. ಗಂಟಲುನೋವು ತರುವ ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಾಣುವೇ ಹೆಪ್ಪನ್ನು ಕರಗಿಸುವ ವಸ್ತುವನ್ನು ಸ್ರವಿಸುತ್ತದೆಂದು 1933ರಲ್ಲಿ ಟಿಲೆಟ್ ಕಂಡುಕೊಂಡಿದ್ದ. ಆ ಸ್ಟ್ರೆಪ್ಟೊಕೈನೇಸ್ ಐವತ್ತು ವರ್ಷ ಕಾದು, 1986ರಲ್ಲಿ ಇಟಲಿಯಲ್ಲಿ ಪಟ್ಟಕ್ಕೇರಿತು. ಮಿಲಾನಿನ ಮಾರಿಯೊ ನೆಗ್ರಿ ಸಂಸ್ಥೆ ನಡೆಸಿದ ಜಿಸ್ಸಿ ಎಂಬ ಮಹಾಪರೀಕ್ಷೆಯಲ್ಲಿ ದೇಶದ ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳು ಪಾಲ್ಗೊಂಡರು. ಔಷಧ ಪಡೆಯದವರಲ್ಲಿ ಶೇ 13ರಷ್ಟಿದ್ದ ಮರಣ, ಪಡೆದವರಲ್ಲಿ ಶೇ 10.7ಕ್ಕೆ ಇಳಿಯಿತು. ಎಷ್ಟು ಬೇಗ ಕೊಟ್ಟರೆ ಅಷ್ಟು ಜೀವ ಎಂಬ ರಾಜನೀತಿಯೂ ಅಲ್ಲಿಯೇ ರುಜುವಾತಾಯಿತು. ಎರಡನೆಯ ಆಯುಧ ಬಲೂನು. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯ ತನ್ನದೇ ತೋಳಿನ ನಾಳದೊಳಗಿಂದ ಹೃದಯದವರೆಗೆ ನಳಿಕೆ ತೂರಿಸಿಕೊಂಡು ತೆರೆದ ದಾರಿಯಲ್ಲಿ, 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಚ್ಚರವಾಗಿದ್ದ ರೋಗಿಯೊಬ್ಬನ ಹೃದಯನಾಳವನ್ನು ಪುಟ್ಟ ಬಲೂನಿನಿಂದ ಅಗಲಿಸಿದ. ವಿಧಿಯ ಆಟವೆಂದರೆ, ತನ್ನ ವಿದ್ಯೆ ಜಗತ್ತನ್ನು ಆಳುವುದನ್ನು ನೋಡಲು ಅವನು ಉಳಿಯಲಿಲ್ಲ. 1985ರಲ್ಲಿ ವಿಮಾನ ಅಪಘಾತದಲ್ಲಿ ಮಡಿದ. ತೊಂಬತ್ತರ ದಶಕದಲ್ಲಿ ಬಲೂನು ಔಷಧವನ್ನು ಒಂದೊಂದೇ ಪರೀಕ್ಷೆಯಲ್ಲಿ ಸೋಲಿಸುತ್ತ ಬಂತು. ರೋಗಿ ಆಸ್ಪತ್ರೆಯ ಬಾಗಿಲು ದಾಟಿದ 90 ನಿಮಿಷಗಳೊಳಗೆ ನಾಳ ತೆರೆಯಬೇಕೆಂಬುದು ಶಾಸನವಾಯಿತು. ಹೆಪ್ಪು ಕರಗಿಸುವ ಚುಚ್ಚುಮದ್ದು ಸಿರಿವಂತ ನಾಡುಗಳಲ್ಲಿ ಪಟ್ಟ ಕಳೆದುಕೊಂಡು ವನವಾಸಕ್ಕೆ ಹೋಯಿತು, ಬಲೂನು ಚಿಕಿತ್ಸೆ ನಡೆಯುವ ಕ್ಯಾಥ್‌ಲ್ಯಾಬ್ ರಾಜಧಾನಿಯಾಯಿತು.

ನಮ್ಮ ನಾಡಿನಲ್ಲಿ ಈ ರಾಜ್ಯದ ಚರಿತ್ರೆ ಬೇರೊಂದು ಬಗೆಯದು, ಮತ್ತು ಅದರ ಬೇರು ಇನ್ನೊಂದು ಮಹಾಮಾರಿಯ ಕಾಲಕ್ಕೇ ಚಾಚಿದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲಿಟ್ಟರು. ಮರುವರ್ಷವೇ ಪ್ಲೇಗು ನಗರವನ್ನು ಹೊಕ್ಕು ಮನೆಮನೆಗಳನ್ನು ಬರಿದು ಮಾಡಿತು. 1900ರಲ್ಲಿ ಆಸ್ಪತ್ರೆ ಉದ್ಘಾಟನೆಯಾಯಿತು. ಅದೇ ವಿಕ್ಟೋರಿಯಾ ಆವರಣದಲ್ಲಿ 1972ರಲ್ಲಿ ಮೊಳೆತದ್ದು ಜಯದೇವ ಹೃದ್ರೋಗ ಸಂಸ್ಥೆ. ಮುಂದೆ ಅದು ಬನ್ನೇರುಘಟ್ಟ ರಸ್ತೆಯ ಸ್ವಂತ ಸೌಧಕ್ಕೆ ಬಂದು, ಮೈಸೂರು ಮತ್ತು ಕಲಬುರಗಿಗಳಿಗೂ ತನ್ನ ಶಾಖೆಗಳನ್ನು ಚಾಚಿ, ಬಡವನ ಎದೆನೋವಿಗೂ ರಾಜಮರ್ಯಾದೆಯ ಚಿಕಿತ್ಸೆ ಸಲ್ಲುವ ಸ್ಥಾನವಾಯಿತು. ಆದರೂ ದೇಶದ ಒಟ್ಟು ಸ್ಥಿತಿ ಹೇಗಿತ್ತು? ಬೆಂಗಳೂರಿನದೇ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳ 20,468 ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ದಾಖಲೆ ಅದನ್ನು ನಿರ್ದಾಕ್ಷಿಣ್ಯವಾಗಿ ತೆರೆದಿಟ್ಟಿತು. ತೀವ್ರ ಹೃದಯಾಘಾತಕ್ಕೊಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಂದದ್ದು ಹೆಪ್ಪು ಕರಗಿಸುವ ಮದ್ದು; ಬಲೂನು ಚಿಕಿತ್ಸೆ ದೊರೆತದ್ದು ನೂರರಲ್ಲಿ ಎಂಟು ಮಂದಿಗೆ. ನೋವು ಮೂಡಿದಾಗಿನಿಂದ ಆಸ್ಪತ್ರೆ ತಲುಪಲು ಹಿಡಿದ ಕಾಲದ ಮಧ್ಯಮಾಂಕ 360 ನಿಮಿಷ, ಅಂದರೆ ಆರು ಗಂಟೆ. ಪಶ್ಚಿಮದಲ್ಲಿ ಪದಚ್ಯುತನಾಗಿದ್ದ ಹಳೆಯ ಅರಸ ಭಾರತದಲ್ಲಿ ಇನ್ನೂ ಆಳುತ್ತಲೇ ಇದ್ದ. ಈ 360 ಎಂಬ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದೇ ಈ ಚರಿತ್ರೆಯ ಮರ್ಮವನ್ನು ಬಿಡಿಸುತ್ತದೆ.

2020ರ ಜನವರಿ 23ರಂದು ಬೆಳಿಗ್ಗೆ ವುಹಾನ್ ನಗರದ ಬಾಗಿಲುಗಳು ಮುಚ್ಚಿದವು. ಕೋಟಿ ಜನಸಂಖ್ಯೆಯ ನಗರವೊಂದು ಒಂದೇ ಮುಂಜಾನೆಯಲ್ಲಿ ಸ್ತಬ್ಧವಾಯಿತು. ಶ್ವಾಸಕೋಶಕ್ಕೆ ಮುತ್ತಿಗೆ ಹಾಕಿದ ಆ ವೈರಾಣುವಿನ ಮುಂದೆ ಹೃದ್ರೋಗ ತಜ್ಞರು ಕಠೋರ ಸಂದಿಗ್ಧದಲ್ಲಿ ಸಿಲುಕಿದರು. ಎದೆನೋವಿನಿಂದ ಬಂದವನಿಗೆ ಸೋಂಕಿದೆಯೋ ಇಲ್ಲವೋ ತಿಳಿಯಲು ಗಂಟೆಗಳು ಬೇಕು. ಹೃದಯದ ಸ್ನಾಯು ಅಷ್ಟು ಹೊತ್ತು ಕಾಯುವುದಿಲ್ಲ. ತಿಳಿಯದೆ ಕ್ಯಾಥ್‌ಲ್ಯಾಬಿಗೆ ಒಯ್ದರೆ ಇಡೀ ತಂಡವೇ ಸೋಂಕಿಗೆ ಬಲಿಯಾಗಿ, ಮರುದಿನ ಬರುವ ಹತ್ತು ಮಂದಿಗೆ ಚಿಕಿತ್ಸೆ ಕೊಡುವವರೇ ಇಲ್ಲವಾಗಬಹುದು. ಬೀಜಿಂಗ್‌ನ ಪೀಕಿಂಗ್ ಯೂನಿಯನ್ ವೈದ್ಯಕೀಯ ಕಾಲೇಜು ಆಸ್ಪತ್ರೆಯ ತಜ್ಞರು ಆಗ ವನವಾಸದಲ್ಲಿದ್ದ ಅರಸನನ್ನು ಮರಳಿ ಕರೆದರು: ತೀವ್ರ ಹೃದಯಾಘಾತಕ್ಕೆ ಮೊದಲು ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಿ, ಬಲೂನನ್ನು ಅನಿವಾರ್ಯವಾದಲ್ಲಿ ಮಾತ್ರ ಬಳಸಿ ಎಂಬ ಮಾರ್ಗಸೂಚಿ ಹೊರಟಿತು. ಅತ್ತ ಹಾಂಗ್‌ಕಾಂಗ್‌ನ ಕ್ವೀನ್ ಮೇರಿ ಆಸ್ಪತ್ರೆ ಬಲೂನನ್ನು ಬಿಡದೆ ಹಿಡಿಯಿತು; ಅಲ್ಲಿ ಕಂಡದ್ದು ಬೇರೊಂದು ಅನಾಹುತ. ಜನವರಿಯ ಕೊನೆಯ ವಾರದಿಂದ ಫೆಬ್ರುವರಿ 10ರವರೆಗೆ ಬಂದ ರೋಗಿಗಳು ಏಳೇ ಮಂದಿ. ಆದರೆ ಅವರು ನೋವು ಮೂಡಿದ ಮೇಲೆ ವೈದ್ಯರನ್ನು ಕಾಣಲು ತೆಗೆದುಕೊಂಡ ಕಾಲದ ಮಧ್ಯಮಾಂಕ 318 ನಿಮಿಷ. ಹಿಂದಿನ ವರ್ಷ ಅದು 82.5 ನಿಮಿಷವಿತ್ತು. ಆಸ್ಪತ್ರೆಯ ಒಳಗೆ ಸಿದ್ಧತೆ ಎಷ್ಟೇ ಇದ್ದರೂ, ಹೊರಗಿನ ಭಯವೇ ನಾಲ್ಕು ತಾಸುಗಳನ್ನು ನುಂಗಿಹಾಕಿತ್ತು. ಅಂಕಿ ಚಿಕ್ಕದು, ಎಚ್ಚರಿಕೆ ದೊಡ್ಡದು.

ಆ ಎಚ್ಚರಿಕೆ ಯೂರೋಪಿಗೆ ಮುಟ್ಟುವ ಮುನ್ನ ಯುದ್ಧವೇ ಅಲ್ಲಿಗೆ ಮುಟ್ಟಿತು. ಫೆಬ್ರುವರಿ 20ರ ರಾತ್ರಿ, ಇಟಲಿಯ ಲೊಂಬಾರ್ಡಿ ಪ್ರಾಂತದ ಕೊಡೊನ್ಯೊ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ, ಅನಾಲಿಸಾ ಮಲಾರಾ ಎಂಬ ಅರಿವಳಿಕೆ ವೈದ್ಯೆ ನಿಯಮಾವಳಿಯ ಗೆರೆಯನ್ನು ದಾಟಿ 38 ವರ್ಷದ ತರುಣನೊಬ್ಬನಿಗೆ ಸೋಂಕಿನ ಪರೀಕ್ಷೆ ಮಾಡಿಸಿದಾಗ, ಶತ್ರು ಎಂದೋ ಕೋಟೆಯೊಳಗೆ ನುಸುಳಿದ್ದಾನೆಂಬುದು ಬಯಲಾಯಿತು. ಯಾವ ಲೊಂಬಾರ್ಡಿಯ ರಾಜಧಾನಿಯಿಂದ 1986ರಲ್ಲಿ ಹೆಪ್ಪು ಕರಗಿಸುವ ಮದ್ದಿನ ವಿಜಯಘೋಷ ಮೊಳಗಿತ್ತೋ, ಅದೇ ಪ್ರಾಂತ ಮೂರೇ ವಾರಗಳಲ್ಲಿ ಜಗತ್ತಿನ ಕಣ್ಣೀರಿನ ಕೇಂದ್ರವಾಯಿತು. ತೀವ್ರನಿಗಾ ಘಟಕದ ಹಾಸಿಗೆಗಳು ಉಸಿರು ಕಟ್ಟಿದವರಿಂದ ತುಂಬಿದವು. ಹೃದಯ ವಾರ್ಡುಗಳು ಕೋವಿಡ್ ವಾರ್ಡುಗಳಾದವು. ಹೃದ್ರೋಗ ತಜ್ಞರು ಆಮ್ಲಜನಕದ ಮುಖವಾಡ ಹೊಂದಿಸುವ ಕೆಲಸಕ್ಕೆ ನಿಂತರು. ಅಂಥ ಸಂಕಟದ ನಡುವೆ ಮಾರ್ಚ್ 8ರಂದು ಪ್ರಾಂತದ ಆಡಳಿತ ಕೈಗೊಂಡ ನಿರ್ಧಾರ, ನುರಿತ ಸೇನಾನಿ ಹಿಮ್ಮೆಟ್ಟುವಾಗಲೂ ವ್ಯೂಹ ಕದಡದಂತೆ ನೋಡಿಕೊಳ್ಳುವ ವಿವೇಕಕ್ಕೆ ಸಮಾನವಾದದ್ದು. ಆಂಜಿಯೋಪ್ಲಾಸ್ಟಿ, ಅಂದರೆ ಬಲೂನು ಚಿಕಿತ್ಸೆ, ಮಾಡುವ 55 ಆಸ್ಪತ್ರೆಗಳಲ್ಲಿ 13ನ್ನು ಮಾತ್ರ ಆರಿಸಿ ಹಗಲಿರುಳು ತೆರೆದಿರುವ ಮಹಾಕೇಂದ್ರಗಳನ್ನಾಗಿ ಮಾಡಲಾಯಿತು; ಹೃದಯ ಶಸ್ತ್ರಚಿಕಿತ್ಸೆಯ 20 ಘಟಕಗಳ ಹೊಣೆಯನ್ನು ನಾಲ್ಕು ಕೇಂದ್ರಗಳಿಗೆ ಒಪ್ಪಿಸಲಾಯಿತು. ಉಳಿದವು ಉಪಕೇಂದ್ರಗಳಾಗಿ, ತಮ್ಮ ತಜ್ಞರನ್ನೂ ರೋಗಿಗಳನ್ನೂ ಕೇಂದ್ರಗಳಿಗೆ ಕಳಿಸಿಕೊಟ್ಟವು. ತಮ್ಮ ತಮ್ಮ ಆಸ್ಪತ್ರೆಯ ಕೀರ್ತಿಗಾಗಿ ದಶಕಗಳ ಕಾಲ ಪೈಪೋಟಿ ನಡೆಸಿದವರು ಒಂದೇ ಶಸ್ತ್ರಚಿಕಿತ್ಸಾ ಮೇಜಿನ ಸುತ್ತ ಜೊತೆಯಾಗಿ ನಿಂತದ್ದು ಆ ದಿನಗಳ ದೊಡ್ಡ ಗೆಲುವು.

ವ್ಯೂಹ ಸಿದ್ಧವಾಯಿತು, ಬರಬೇಕಾದ ರೋಗಿಗಳೇ ಬರಲಿಲ್ಲ. ಈ ಚರಿತ್ರೆಯ ಅತ್ಯಂತ ದಾರುಣ ಅಧ್ಯಾಯ ಇದು. ಉತ್ತರ ಇಟಲಿಯ ಆಸ್ಪತ್ರೆಗಳಲ್ಲಿ ಹಿಂದಿನ ವರ್ಷದ ಅದೇ ದಿನಗಳಲ್ಲಿ ದಿನಕ್ಕೆ ಸರಾಸರಿ 18.9 ಮಂದಿ ಹೃದಯಾಘಾತದಿಂದ ದಾಖಲಾಗುತ್ತಿದ್ದಲ್ಲಿ ಈಗ 13.3 ಮಂದಿ ಬಂದರು. ಮಾರ್ಚ್ ನಡುವಿನ ಒಂದು ವಾರದಲ್ಲಿ ಇಡೀ ದೇಶದ ಹೃದಯಾಘಾತದ ದಾಖಲಾತಿ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯಿತು. ಇಂಗ್ಲೆಂಡಿನಲ್ಲಿ ಮಾರ್ಚ್ ಕೊನೆಯ ಹೊತ್ತಿಗೆ ಇಳಿಕೆ ಶೇ 40. ಸ್ಪೇನ್, ಅಮೆರಿಕಗಳಿಂದಲೂ ಅದೇ ಬಗೆಯ ವಾರ್ತೆ ಬಂತು. ಜನರ ಹೃದಯಗಳು ಒಮ್ಮೆಲೇ ಆರೋಗ್ಯ ಪಡೆದಿದ್ದವೇ? ಲೊಂಬಾರ್ಡಿಯ ಲೋದಿ, ಕ್ರೆಮೋನಾ, ಪಾವಿಯಾ, ಮಾಂತುವಾ ಜಿಲ್ಲೆಗಳ ಆಂಬ್ಯುಲೆನ್ಸ್ ದಾಖಲೆಗಳು ಉತ್ತರ ಕೊಟ್ಟವು. ಮಹಾಮಾರಿಯ ಮೊದಲ 40 ದಿನಗಳಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರು 362 ಮಂದಿ. ಹಿಂದಿನ ವರ್ಷದ ಅದೇ ಅವಧಿಯಲ್ಲಿ ಆ ಸಂಖ್ಯೆ 229. ಆ ಏರಿಕೆಯಲ್ಲಿ ಅನೇಕರನ್ನು ವೈರಾಣುವೇ ಕೊಂದಿರಬಹುದು; ಉಳಿದದ್ದರಲ್ಲಿ ಭಯದ ಪಾಲೂ ಇದ್ದಿರಬೇಕು. ಆಂಬ್ಯುಲೆನ್ಸ್ ತಲುಪುವುದು ಕೆಲವು ನಿಮಿಷ ತಡವಾಯಿತು. ಕುಸಿದವನ ಎದೆಯನ್ನು ಒತ್ತಲು ನೆರೆಯವರು ಹಿಂಜರಿದರು. ಆಸ್ಪತ್ರೆಗೆ ಹೋದರೆ ಸೋಂಕು ತಗಲುತ್ತದೆ, ವೈದ್ಯರಿಗೆ ಈಗಾಗಲೇ ಸಾಕಷ್ಟು ಭಾರವಿದೆ, ಇದು ಬರೀ ಗ್ಯಾಸ್ ಇರಬೇಕು, ಬೆಳಗಾಗಲಿ ನೋಡೋಣ: ಭಾಷೆ ಬೇರೆಬೇರೆಯಾದರೂ ಜಗತ್ತಿನ ಎಲ್ಲ ಮನೆಗಳಲ್ಲಿ ಆ ರಾತ್ರಿಗಳ ಮಾತು ಒಂದೇ ಆಗಿತ್ತು. ತಡವಾಗಿ ಬಂದವರೊಂದಿಗೆ ಹಳೆಯ ಶತ್ರುಗಳೂ ಮರಳಿದರು. ಸತ್ತ ಸ್ನಾಯು ಹರಿದು ಹೃದಯದ ಗೋಡೆಯಲ್ಲಿ ರಂಧ್ರ ಬೀಳುವುದು, ಕವಾಟದ ಆಧಾರ ಕಿತ್ತುಹೋಗುವುದು ಮುಂತಾದ, ಕಿರಿಯ ತಜ್ಞರು ಪುಸ್ತಕದಲ್ಲಷ್ಟೇ ಓದಿದ್ದ ತೊಡಕುಗಳು ಮಂಚದ ಮೇಲೆ ಪ್ರತ್ಯಕ್ಷವಾದವು.

ಬಂದವರನ್ನು ಎದುರುಗೊಂಡವರ ಪಾಡನ್ನು ಈಗ ಹತ್ತಿರದಿಂದ ನೋಡೋಣ. ಕ್ಯಾಥ್‌ಲ್ಯಾಬ್ ಎಂಬುದು ಹೊರಗಿನ ಧೂಳು ಒಳಬಾರದಂತೆ ಒಳಗಾಳಿಯ ಒತ್ತಡ ಹೆಚ್ಚಿರುವಂತೆ ಕಟ್ಟಿದ ಕೋಣೆ. ಬಾಗಿಲು ತೆರೆದರೆ ಗಾಳಿ ಹೊರಕ್ಕೆ ನುಗ್ಗುತ್ತದೆ. ಸಾಧಾರಣ ಕಾಲದಲ್ಲಿ ರೋಗಿಯ ರಕ್ಷಣೆಗಿದ್ದ ಅದೇ ವ್ಯವಸ್ಥೆ ಮಹಾಮಾರಿಯ ಕಾಲದಲ್ಲಿ ವೈರಾಣುವನ್ನು ಪಡಸಾಲೆಗೆ ಚೆಲ್ಲುವ ಅಪಾಯವಾಯಿತು. ಅನೇಕ ಆಸ್ಪತ್ರೆಗಳು ಒಂದು ಕೋಣೆಯನ್ನು ಸೋಂಕಿತರಿಗೇ ಮೀಸಲಿಟ್ಟವು. ಬಾಗಿಲು ಒಮ್ಮೆ ಮುಚ್ಚಿದರೆ ಚಿಕಿತ್ಸೆ ಮುಗಿಯುವವರೆಗೆ ತೆರೆಯದಂತೆ, ಬೇಕಾದ ತಂತಿ, ಬಲೂನು, ಸ್ಟೆಂಟುಗಳನ್ನು ಮೊದಲೇ ಒಳಗೆ ಜೋಡಿಸಿಕೊಳ್ಳುವ ಕ್ರಮ ಬಂತು. ವೈದ್ಯ ಮೊದಲು ಕ್ಷಕಿರಣ ತಡೆಯುವ ಭಾರದ ಲೆಡ್ ಏಪ್ರನ್ ಕಟ್ಟಿಕೊಳ್ಳಬೇಕು, ಅದರ ಮೇಲೆ ಪಿಪಿಇ ಕಿಟ್, ಎರಡು ಜೊತೆ ಕೈಗವಸು, ಎನ್95 ಮಾಸ್ಕ್, ಕನ್ನಡಕ, ಮುಖಕವಚ. ಐದು ನಿಮಿಷಗಳಲ್ಲಿ ಬೆವರು ಬೆನ್ನಿನಿಂದ ಹರಿದು ಕಾಲ್ಚೀಲ ಸೇರುತ್ತಿತ್ತು. ಉಸಿರಿನ ಆವಿ ಕನ್ನಡಕವನ್ನು ಮಂಜಾಗಿಸುತ್ತಿತ್ತು. ಆ ಮಂಜಿನ ಹಿಂದಿನಿಂದಲೇ, ಕೂದಲಿಗಿಂತ ಕೆಲವೇ ಪಟ್ಟು ದಪ್ಪದ ತಂತಿಯನ್ನು ಮಿಡಿಯುತ್ತಿರುವ ನಾಳದೊಳಗೆ ಹೆಪ್ಪಿನಾಚೆ ದಾಟಿಸಬೇಕು. ಮಾತು ಮುಖಕವಚದೊಳಗೇ ಅಡಗುತ್ತಿದ್ದುದರಿಂದ ನರ್ಸ್ ಮತ್ತು ತಂತ್ರಜ್ಞರು ಸನ್ನೆಯಲ್ಲಿ ವ್ಯವಹರಿಸಲು ಕಲಿತರು. ಕಿಟ್ ತೊಡುವುದಕ್ಕಿಂತ ಕಳಚುವುದೇ ಹೆಚ್ಚು ಅಪಾಯಕರವಾದ್ದರಿಂದ, ಕಳಚುವಾಗ ಒಬ್ಬರು ಎದುರು ನಿಂತು ಒಂದೊಂದು ಹೆಜ್ಜೆಯನ್ನೂ ಗಮನಿಸಿ ಹೇಳುತ್ತಿದ್ದರು. ಉಸಿರಾಟ ಹದಗೆಟ್ಟ ರೋಗಿಗೆ ಲ್ಯಾಬಿಗೆ ತರುವ ಮೊದಲೇ ಶ್ವಾಸನಳಿಕೆ ಹಾಕುವುದು, ಹೃದಯ ನಿಂತವನ ಬಾಯಿಗೆ ಬಟ್ಟೆ ಹೊದಿಸಿ ಎದೆಯನ್ನಷ್ಟೇ ಒತ್ತುವುದು, ತಂಡವನ್ನು ಎರಡಾಗಿ ಒಡೆದು ಒಂದು ತಂಡ ಸೋಂಕಿಗೆ ಸಿಕ್ಕರೂ ಇನ್ನೊಂದು ಉಳಿಯುವಂತೆ ಪಾಳಿ ಹಾಕುವುದು, ಇವೆಲ್ಲ ಆ ತಿಂಗಳುಗಳಲ್ಲಿ ಹುಟ್ಟಿದ ಯುದ್ಧನೀತಿಗಳು. ಆ ನೀತಿಗಳನ್ನು ಬರೆದವರು ಮನೆಗೆ ಹೋದಾಗ ತಮ್ಮ ಮಕ್ಕಳನ್ನು ಮುಟ್ಟದೆ ಬೇರೆ ಕೋಣೆಯಲ್ಲಿ ಮಲಗುತ್ತಿದ್ದರು ಎಂಬುದನ್ನೂ ಚರಿತ್ರೆ ಬರೆದಿಡಬೇಕು.

ಶತ್ರು ಮಾಯಾವಿಯೂ ಆಗಿದ್ದ. ಇಸಿಜಿಯಲ್ಲಿ ಹೃದಯಾಘಾತದ ಸ್ಪಷ್ಟ ಗೆರೆ ಕಂಡು ಕ್ಯಾಥ್‌ಲ್ಯಾಬಿಗೆ ಒಯ್ದರೆ ಕೆಲವರಲ್ಲಿ ಯಾವ ನಾಳವೂ ಮುಚ್ಚಿರುತ್ತಿರಲಿಲ್ಲ. ಸೋಂಕಿನಿಂದ ಹೃದಯದ ಸ್ನಾಯುವೇ ಉರಿಗೊಂಡೋ, ತೀವ್ರ ದೇಹಾಘಾತದಿಂದಲೋ ಅದೇ ಗೆರೆ ಮೂಡಿರುತ್ತಿತ್ತು. ಲೊಂಬಾರ್ಡಿಯ ತಜ್ಞರು ವರದಿ ಮಾಡಿದ 28 ಕೋವಿಡ್ ರೋಗಿಗಳಲ್ಲಿ 24 ಮಂದಿಗೆ ಹೃದಯಾಘಾತವೇ ಸೋಂಕಿನ ಮೊದಲ ಸೂಚನೆಯಾಗಿತ್ತು; 11 ಮಂದಿಯಲ್ಲಿ ತೆರೆಯಬೇಕಾದ ನಾಳವೇ ಕಾಣಲಿಲ್ಲ. ಈ ಅನುಭವದಿಂದಲೇ ಎರಡು ಆಯುಧಗಳ ನಡುವಿನ ವಾದಕ್ಕೆ ತೀರ್ಪು ಬಂತು. ನಾಳ ಮುಚ್ಚಿಲ್ಲದವನಿಗೆ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಲಾಭವಿಲ್ಲ, ರಕ್ತಸ್ರಾವದ ಅಪಾಯವಷ್ಟೇ ಉಳಿಯುತ್ತದೆ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಹೃದ್ರೋಗ ತಜ್ಞರ ಮತ್ತು ತುರ್ತುಚಿಕಿತ್ಸಾ ವೈದ್ಯರ ಸಂಘಗಳು ಜೊತೆಗೂಡಿ ಘೋಷಿಸಿದವು: ಬಲೂನು ಸಕಾಲದಲ್ಲಿ ದೊರೆಯುವಲ್ಲಿ ಅದೇ ಪ್ರಧಾನ, ದೊರೆಯದಲ್ಲಿ, ಅಥವಾ ದೊರೆಯುವಷ್ಟರಲ್ಲಿ ಹೊತ್ತು ಮೀರುವಲ್ಲಿ, ಚುಚ್ಚುಮದ್ದು ಮೊದಲಾಗಲಿ. ಹೀಗೆ ವನವಾಸದಿಂದ ಮರಳಿದ ಅರಸನಿಗೆ ಸಿಂಹಾಸನ ಸಿಗಲಿಲ್ಲ. ಗಡಿನಾಡಿನ ಅಧಿಕಾರ ಸಿಕ್ಕಿತು. ಇಬ್ಬರು ಅರಸರು ಒಂದೇ ರಾಜ್ಯವನ್ನು ಹಂಚಿಕೊಂಡು ಆಳುವ ಈ ಒಪ್ಪಂದವೇ ಮಹಾಮಾರಿ ನಮಗೆ ಬಿಟ್ಟುಹೋದ ರಾಜನೀತಿ.

ಇತ್ತ ನಮ್ಮ ನೆಲದಲ್ಲಿ ಏನು ನಡೆಯಿತು? 2020ರ ಮಾರ್ಚ್‌ನಲ್ಲಿ ಕಲಬುರಗಿಯ ವೃದ್ಧರೊಬ್ಬರ ಮರಣ ದೇಶದ ಮೊದಲ ಕೋವಿಡ್ ಸಾವೆಂದು ದಾಖಲಾಯಿತು. ಮಾರ್ಚ್ 25ರಿಂದ ದೇಶವೇ ಲಾಕ್‌ಡೌನಿನ ಬೀಗದೊಳಗೆ ಸೇರಿತು. ಪ್ಲೇಗಿನ ನೆನಪನ್ನು ಗೋಡೆಗಳಲ್ಲಿ ಹೊತ್ತ ವಿಕ್ಟೋರಿಯಾ ಆಸ್ಪತ್ರೆ ಈ ಸಾಂಕ್ರಾಮಿಕಕ್ಕೇ ಮೀಸಲಾಯಿತು. ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಹೃದಯಗಳ ಜೊತೆಗೆ ರಾಜ್ಯದ ಕೋವಿಡ್ ಪರೀಕ್ಷಾ ವ್ಯವಸ್ಥೆಯ ಹೊಣೆಯನ್ನೂ ಹೊತ್ತರು. ಲಾಕ್‌ಡೌನ್ ಆರಂಭವಾದ ದಿನವೇ ಕೇಂದ್ರ ಸರ್ಕಾರ ದೂರವೈದ್ಯಕೀಯದ ಮಾರ್ಗಸೂಚಿ ಹೊರಡಿಸಿ, ಫೋನಿನಲ್ಲಿ ರೋಗಿಯನ್ನು ವಿಚಾರಿಸಿ ಔಷಧ ಬರೆಯಲು ವೈದ್ಯರಿಗೆ ಅಧಿಕೃತ ದಾರಿ ತೋರಿತು. ಆದರೂ ರಸ್ತೆಗಳು ಮುಚ್ಚಿದ್ದವು, ಬಸ್ಸುಗಳು ನಿಂತಿದ್ದವು. ಗಡಿನಾಡಿನ ಕಥೆಯಂತೂ ಮರೆಯುವಂಥದಲ್ಲ. ಕಾಸರಗೋಡಿನ ಜನ ತಲೆಮಾರುಗಳಿಂದ ದೊಡ್ಡ ಕಾಯಿಲೆಗೆ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದವರು. ಸೋಂಕಿನ ಭಯದಿಂದ ಕರ್ನಾಟಕ ಗಡಿದಾರಿಗಳಿಗೆ ಮಣ್ಣು ಸುರಿದಾಗ, ತಲಪಾಡಿಯಲ್ಲಿ ಆಂಬ್ಯುಲೆನ್ಸ್‌ಗಳು ನಿಂತವು. ದಾಟಲಾಗದೆ ಹಿಂದಿರುಗಿ ಪ್ರಾಣಬಿಟ್ಟವರ ವಾರ್ತೆಗಳು ಒಂದರ ಹಿಂದೊಂದು ಬಂದವು. ವ್ಯಾಜ್ಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಏರಿ, ಏಪ್ರಿಲ್ ಮೊದಲ ವಾರದಲ್ಲಿ ಎರಡು ರಾಜ್ಯಗಳು ಒಪ್ಪಂದಕ್ಕೆ ಬಂದ ಮೇಲೆ ದಾರಿ ತೆರೆಯಿತು. ನಿಮಿಷಗಳ ರಾಜ್ಯಕ್ಕೆ ಭಾಷೆಯ ಗಡಿಯಿಲ್ಲ, ರಾಜ್ಯದ ಗಡಿಯಿಲ್ಲ ಎಂಬ ಪಾಠವನ್ನು ನಾವು ಅಷ್ಟು ದುಬಾರಿ ಬೆಲೆ ತೆತ್ತು ಕಲಿತೆವು. ಮುಂದೆ ಭಾರತೀಯ ಹೃದ್ರೋಗ ತಜ್ಞರ ಸಂಘ 187 ಆಸ್ಪತ್ರೆಗಳ ಲೆಕ್ಕ ತೆಗೆದಾಗ, ಹಿಂದಿನ ವರ್ಷಕ್ಕೆ ಹೋಲಿಸಿದರೆ ಹೃದಯಾಘಾತದ ದಾಖಲಾತಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಸಿದಿದ್ದು ಕಂಡಿತು. ಬಾರದೆ ಉಳಿದ ಆ ಮೂರನೆಯವನ ಹೆಸರು ಯಾವ ದಾಖಲೆಯಲ್ಲೂ ಇಲ್ಲ.

ಈಗ ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಮಹಾಮಾರಿ ಹಾಂಗ್‌ಕಾಂಗ್‌ನಲ್ಲಿ ತಂದೊಡ್ಡಿದ ವಿಳಂಬ 318 ನಿಮಿಷ. ಅದನ್ನು ಕಂಡು ಜಗತ್ತಿನ ತಜ್ಞರು ಬೆಚ್ಚಿಬಿದ್ದರು. ಯಾವ ಮಹಾಮಾರಿಯೂ ಇಲ್ಲದ ಸಾಧಾರಣ ದಿನಗಳಲ್ಲಿ ಭಾರತದ ರೋಗಿ ಆಸ್ಪತ್ರೆ ತಲುಪಲು ತೆಗೆದುಕೊಳ್ಳುತ್ತಿದ್ದ ಕಾಲ 360 ನಿಮಿಷ. ಸಿರಿವಂತ ನಗರಗಳಿಗೆ ಒಂದು ವಸಂತಕಾಲದ ಮಟ್ಟಿಗೆ ಬಂದ ವಿಪತ್ತು ನಮ್ಮ ಹಳ್ಳಿಗಳ ನಿತ್ಯದ ಬದುಕಾಗಿತ್ತು! ಮಹಾಮಾರಿ ಲೊಂಬಾರ್ಡಿಯಂಥ ಪ್ರಾಂತಗಳನ್ನು ನಮ್ಮ ತಾಲ್ಲೂಕುಗಳ ಸ್ಥಿತಿಗೆ ಇಳಿಸಿತು. ಅಲ್ಲಿನವರು ಅದಕ್ಕೆ ಕಂಡುಕೊಂಡ ಪರಿಹಾರವೇ ನಮಗೆ ಸದಾಕಾಲ ಬೇಕಾಗಿದ್ದ ಪರಿಹಾರ. ಬಲವಾದ ಕೆಲವೇ ಕೇಂದ್ರಗಳು, ಅವುಗಳಿಗೆ ಹೊಂದಿಕೊಂಡ ಅನೇಕ ಉಪಕೇಂದ್ರಗಳು, ನಡುವೆ ಓಡುವ ಇಸಿಜಿಯ ಗೆರೆ, ಮೊದಲು ಸಿಕ್ಕ ಠಾಣೆಯಲ್ಲೇ ಮೊದಲ ಚುಚ್ಚುಮದ್ದು, ಆಮೇಲೆ ಕೇಂದ್ರದಲ್ಲಿ ಬಲೂನು. ಇದನ್ನು ನಮ್ಮವರು ಕಂಡಿರಲಿಲ್ಲವೆಂದಲ್ಲ. ಮಂಗಳೂರಿನ ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲೇ ‘ಮನೆಬಾಗಿಲಿಗೆ ಹೃದ್ರೋಗ ಚಿಕಿತ್ಸೆ’ ಎಂಬ ಸಂಕಲ್ಪದಿಂದ ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಗೆರೆಯನ್ನು ತಜ್ಞರು ಓದಿ ಆ ಕ್ಷಣವೇ ಸಲಹೆ ಕೊಡುವ ಏರ್ಪಾಡು ಮಾಡಿದ್ದರು. ಮಹಾಮಾರಿ ಬರುವ ಮೊದಲೇ ಒಬ್ಬ ವೈದ್ಯ ಗಡಿಠಾಣೆಗಳಲ್ಲಿ ದೀಪ ಹಚ್ಚಿಟ್ಟಿದ್ದ. ರಸ್ತೆಗಳು ಮುಚ್ಚಿದ ದಿನಗಳಲ್ಲಿ ಅಂಥ ದೀಪದ ಬೆಲೆ ನಾಡಿಗೆಲ್ಲ ತಿಳಿಯಿತು.

2021ರ ಅಕ್ಟೋಬರ್ 29ರಂದು, ಮಹಾಮಾರಿಯ ಎರಡನೆಯ ಅಲೆಯ ಗಾಯ ಮಾಯುವ ಮೊದಲೇ, 46 ವರ್ಷದ ಪುನೀತ್ ರಾಜ್‌ಕುಮಾರ್ ಅವರ ಹೃದಯ ನಿಂತಾಗ ಕನ್ನಡನಾಡು ಒಂದೇ ಮನೆಯಂತೆ ಅತ್ತಿತು. ಆ ಶೋಕ ವ್ಯರ್ಥವಾಗಲಿಲ್ಲ. ಮುಂದೆ ಅವರ ಹೆಸರಿನಲ್ಲೇ ಸರ್ಕಾರ ಹೃದಯಜ್ಯೋತಿ ಯೋಜನೆಯನ್ನು ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಕೇಂದ್ರದವರು ಕೂಡಲೇ ಓದಿ ಸಲಹೆ ಕೊಡುವುದು, ಸಾವಿರಾರು ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು ಆಮೇಲೆ ಕೇಂದ್ರಕ್ಕೆ ಕಳಿಸುವುದು ಅದರ ಕ್ರಮ. ಸ್ಟ್ರೆಪ್ಟೊಕೈನೇಸಿನಂತೆ ಒಂದು ತಾಸು ಹನಿಹನಿಯಾಗಿ ಇಳಿಸಬೇಕಾದ ಮದ್ದಲ್ಲ ಇದು. ರೋಗಿಯ ತೂಕ ನೋಡಿ ಒಂದೇ ಸಲಕ್ಕೆ ಕೊಡುವಂಥದ್ದು. ಮಿಲಾನಿನ ಮಹಾಪರೀಕ್ಷೆಯಿಂದ ಬೆಂಗಳೂರಿನ ಕ್ರಿಯೇಟ್ ದಾಖಲೆಯವರೆಗೆ, ಕೊಡೊನ್ಯೊದ ವೈದ್ಯೆಯ ದಿಟ್ಟತನದಿಂದ ತಲಪಾಡಿಯ ನೋವಿನವರೆಗೆ ಹರಿದು ಬಂದ ಅನುಭವವೆಲ್ಲ ಈಗ ತಾಲ್ಲೂಕು ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ ಕೂಡಿಕೊಂಡಿದೆ.

ಚರಿತ್ರೆಯಲ್ಲಿ ಅಳಿದ ರಾಜ್ಯಗಳನ್ನು ನೋಡಿ: ರಾಜಧಾನಿ ವೈಭವದಿಂದ ಬೀಗುತ್ತಿದ್ದಾಗಲೇ ಗಡಿಠಾಣೆಗಳು ಬರಿದಾಗಿದ್ದವು. ಹೃದಯರಕ್ಷಣೆಯ ರಾಜ್ಯಕ್ಕೂ ಅದೇ ನಿಯಮ. ಮಹಾನಗರದಲ್ಲಿ ಎಷ್ಟು ಕ್ಯಾಥ್‌ಲ್ಯಾಬ್‌ಗಳಿವೆ ಎಂಬುದಕ್ಕಿಂತ, ಮೂವತ್ತು ಮೈಲಿ ದೂರದ ಊರಿನ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಎರಡು ಗಂಟೆಗೆ ಇಸಿಜಿ ತೆಗೆಯುವವರಿದ್ದಾರೆಯೇ, ಚುಚ್ಚುಮದ್ದು ಫ್ರಿಜ್ಜಿನಲ್ಲೋ ಕಪಾಟಿನಲ್ಲೋ ಸಿದ್ಧವಿದೆಯೇ, ಆಂಬ್ಯುಲೆನ್ಸ್ ಹೊರಡಬಲ್ಲದೇ ಎಂಬುದರಿಂದ ಈ ರಾಜ್ಯದ ಆಯಸ್ಸು ನಿರ್ಧಾರವಾಗುತ್ತದೆ. ಮಹಾಮಾರಿಗಳು ಮತ್ತೆ ಬರುತ್ತವೆ; ಪ್ಲೇಗು ಬಂದಿತ್ತು, ಕೋವಿಡ್ ಬಂತು, ಮುಂದಿನದಕ್ಕೂ ಹೆಸರೊಂದು ಬರುತ್ತದೆ. ಅಂದು ಆಸ್ಪತ್ರೆಗಳು ತಮ್ಮ ಪಾಲಿನ ಧರ್ಮವನ್ನು ಮಾಡಿಯಾವು. ಮಾಡಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ಧರ್ಮದ ಇನ್ನರ್ಧ ನಮ್ಮ ಕೈಯಲ್ಲಿದೆ: ಎದೆ ಹಿಂಡಿದಾಗ, ತೋಳು ಜೋಮು ಹಿಡಿದಾಗ, ತಣ್ಣನೆ ಬೆವರು ಇಳಿದಾಗ, ಗ್ಯಾಸ್ ಎಂದು ಸಮಾಧಾನ ಹೇಳಿಕೊಳ್ಳದೆ, ಬೆಳಗಾಗಲೆಂದು ಕಾಯದೆ, ಆ ತಾಸಿನಲ್ಲೇ ಹೊರಡುವುದು ಮತ್ತು ಮನೆಯವರನ್ನು ಹೊರಡಿಸುವುದು. ನಿಮಿಷಗಳಿಂದ ಕಟ್ಟಿದ ರಾಜ್ಯವನ್ನು ನಮ್ಮ ಹಿರಿಯರು ಗೆದ್ದುಕೊಟ್ಟಿದ್ದಾರೆ; ಅದನ್ನು ಉಳಿಸಿಕೊಳ್ಳುವ ಹೊಣೆ ಅದರ ಉತ್ತರಾಧಿಕಾರಿಗಳಾದ ನಮ್ಮದು.